ಹೆಣೆದದ್ದಾಯಿತು, ಈಗ ಜೋಡಿಸೋಣ

ಸೆಪ್ಟೆಂಬರ್‌ನಲ್ಲಿ ‘ಯಾವ ಡಿಸೈನ್ ಹಾಕಲಿ’ ಎಂದು ಕೇಳಿದವರೇ ಈಗ ‘ಹೆಣೆದದ್ದಾಯಿತು, ಮುಂದೇನು’ ಎಂದು ಬರೆಯುತ್ತಿದ್ದಾರೆ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಚಳಿ ಅಂದರೆ ಡಿಸೆಂಬರ್, ಜನವರಿ ಅಷ್ಟೇ. ಅಷ್ಟರೊಳಗೆ ಸ್ವೆಟರ್ ಮೈಮೇಲೆ ಬರಬೇಕು ಅನ್ನುವ ಅವಸರ ಎಲ್ಲರಿಗೂ ಇದೆ. ಅದಕ್ಕೇ ಈ ಸಲ ಜೋಡಣೆ ಮತ್ತು ಫಿನಿಶಿಂಗ್ ಬಗ್ಗೆ ಬಂದ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಣೆದ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಅದನ್ನು ಜೋಡಿಸುವ ಹೊಲಿಗೆಗೂ ಅದೇ ಗುಣ ಇರಬೇಕು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಉತ್ತರಗಳನ್ನು ಓದಿ.

ಅಕ್ಕಾ, ದೆಹಲಿಯಲ್ಲಿ ಓದುವ ಮಗನಿಗೆ ಸ್ವೆಟರ್ ಹೆಣೆದೆ. ಬೆನ್ನು, ಎದೆ, ಎರಡು ತೋಳು ಎಲ್ಲ ಚೆನ್ನಾಗಿ ಬಂದವು. ಬ್ಲೌಸ್ ಹೊಲಿದ ಹಾಗೆ ಒಳಗಿನಿಂದ ಕೈಹೊಲಿಗೆ ಹಾಕಿದೆ. ಪಕ್ಕದಲ್ಲಿ ದಪ್ಪನೆಯ ಗೆರೆ ಎದ್ದಿತು. ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಆಯಿತು. ಬಿಚ್ಚಿಟ್ಟಿದ್ದೇನೆ. ಮನೆಯಲ್ಲಿ ಚೀಲ ಹೊಲಿಯುವ ದಬ್ಬಣ ಇತ್ತು, ಅದನ್ನೇ ಬಳಸಿದ್ದೆ.
— ಓದುಗರು, ಸಿಂಧನೂರು

ಬಿಚ್ಚಿದ್ದು ಒಳ್ಳೆಯದೇ ಆಯಿತು ತಂಗಿ. ಮೊದಲು ಆ ದಬ್ಬಣ ಪಕ್ಕಕ್ಕಿಡಿ. ಭತ್ತದ ಚೀಲಕ್ಕೆ ಅದು ಸರಿ. ಆದರೆ ಅದರ ಚೂಪು ತುದಿ ಉಲ್ಲನ್ ದಾರದ ಎಳೆಗಳನ್ನು ಸೀಳುತ್ತದೆ. ಸೀಳಿದ ಜಾಗದಲ್ಲಿ ದಾರ ಜಾರುವುದಿಲ್ಲ, ಕಚ್ಚಿಕೊಂಡು ಕೂತುಬಿಡುತ್ತದೆ. ನಿಮಗೆ ಬೇಕಾದದ್ದು ಮೊಂಡು ತುದಿಯ, ದೊಡ್ಡ ಕಣ್ಣಿನ ಸೂಜಿ. ಕಡ್ಡಿ ಮಾರುವ ಅಂಗಡಿಯಲ್ಲೇ ಉಲ್ಲನ್ ಹೊಲಿಯುವ ಸೂಜಿ ಅಂತ ಕೇಳಿ. ಪ್ಲಾಸ್ಟಿಕ್‌ನದೂ ಇರುತ್ತದೆ, ಸ್ಟೀಲಿನದು ತೆಗೆದುಕೊಳ್ಳಿ.

ಈಗ ಬೆನ್ನು ಮತ್ತು ಎದೆಯ ಭಾಗಗಳನ್ನು ಅಕ್ಕಪಕ್ಕ ಇಡಿ, ಎರಡರ ಹೊರಮಗ್ಗಲೂ ಮೇಲೆ ಕಾಣಬೇಕು. ನಾವು ಹೊಲಿಯುವುದು ಹೊರಗಿನಿಂದಲೇ. ಪುಸ್ತಕಗಳಲ್ಲಿ ಇದಕ್ಕೆ ಮ್ಯಾಟ್ರೆಸ್ ಸ್ಟಿಚ್ ಎಂಬ ಹೆಸರಿದೆ. ಹೊಲಿಯುವವರಿಗೆ ಏನು ಕಾಣುತ್ತದೋ ನೋಡುವವರಿಗೂ ಅದೇ ಕಾಣುತ್ತದೆ. ಆದ್ದರಿಂದ ಎಲ್ಲಿ ಸೊಟ್ಟ ಆಯಿತು ಅನ್ನುವುದು ಕೊನೆಯಲ್ಲಲ್ಲ, ಆ ಕ್ಷಣದಲ್ಲೇ ಗೊತ್ತಾಗುತ್ತದೆ.

ಅಂಚಿನಲ್ಲಿರುವ ಮೊದಲನೇ ಕುಣಿಕೆ ಮತ್ತು ಎರಡನೇ ಕುಣಿಕೆಯ ನಡುವೆ ಬೆರಳಿನಿಂದ ಸ್ವಲ್ಪ ಅಗಲಿಸಿ ನೋಡಿ. ಏಣಿಯ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಅಡ್ಡ ದಾರಗಳು ಕಾಣುತ್ತವೆ. ಒಂದು ಸಾಲಿಗೆ ಒಂದು ಅಡ್ಡ ದಾರ. ಬಲಗಡೆಯ ಭಾಗದಲ್ಲಿ ಒಂದು ಅಡ್ಡ ದಾರದ ಕೆಳಗೆ ಸೂಜಿ ತೂರಿಸಿ ತೆಗೆಯಿರಿ. ಆಮೇಲೆ ಎಡಗಡೆಯಲ್ಲಿ ಅದೇ ಎತ್ತರದಲ್ಲಿರುವ ಅಡ್ಡ ದಾರದ ಕೆಳಗೆ ತೂರಿಸಿ. ಮತ್ತೆ ಬಲ, ಮತ್ತೆ ಎಡ. ಪ್ರತಿ ಸಲವೂ ಹಿಂದೆ ಸೂಜಿ ಎಲ್ಲಿ ಹೊರಬಂದಿತ್ತೋ ಅಲ್ಲಿಂದಲೇ ಒಳಗೆ ಹೋಗಬೇಕು. ನಡುವೆ ಅಡ್ಡ ದಾರ ಬಿಟ್ಟುಹೋದರೆ ಅಲ್ಲೊಂದು ತೂತು ಉಳಿಯುತ್ತದೆ.

ಐದಾರು ಸಾಲು ಹೀಗೆ ಸಡಿಲವಾಗಿ ಹೋಗಿ. ಎರಡು ಭಾಗಗಳ ನಡುವೆ ದಾರ ಅಂಕುಡೊಂಕಾಗಿ ಕಾಣುತ್ತದೆ, ಗಾಬರಿ ಬೇಡ. ಈಗ ದಾರದ ತುದಿ ಹಿಡಿದು, ಹೊಲಿಗೆ ಹೋಗುತ್ತಿರುವ ದಿಕ್ಕಿನಲ್ಲೇ ಮೆಲ್ಲಗೆ ಎಳೆಯಿರಿ. ಎರಡೂ ಅಂಚು ಒಳಕ್ಕೆ ಮಡಚಿಕೊಳ್ಳುತ್ತವೆ. ಹೊರಗೆ ಕುಣಿಕೆಯ ಪಕ್ಕಕ್ಕೆ ಕುಣಿಕೆ ಬಂದು ಕೂತು, ಹೊಲಿಗೆ ಕಾಣದಂತಾಗುತ್ತದೆ. ನನ್ನ ಕ್ಲಾಸಿನ ಹುಡುಗಿಯರು ಮೊದಲ ಸಲ ಇದನ್ನು ನೋಡಿದಾಗ ‘ಅಯ್ಯ, ಹೊಲಿಗೆ ಎಲ್ಲಿ ಹೋಯ್ತ್ರಿ ಮೇಡಂ!’ ಎಂದು ಬಟ್ಟೆ ತಿರುಗಿಸಿ ತಿರುಗಿಸಿ ಹುಡುಕುತ್ತಾರೆ.

ಎಷ್ಟು ಎಳೆಯಬೇಕು ಅನ್ನುವುದೇ ಇಲ್ಲಿನ ವಿದ್ಯೆ. ಎಳೆದ ಮೇಲೆ ಆ ಜಾಗವನ್ನು ಎರಡೂ ಕೈಯಲ್ಲಿ ಹಿಡಿದು ಉದ್ದಕ್ಕೆ ಒಮ್ಮೆ ಜಗ್ಗಿ. ಪಕ್ಕದ ಬಟ್ಟೆ ಎಷ್ಟು ಹಿಗ್ಗುತ್ತದೋ ಹೊಲಿಗೆಯೂ ಅಷ್ಟು ಹಿಗ್ಗಬೇಕು. ಹಿಗ್ಗದೆ ತಡೆದರೆ ನೀವು ಜಾಸ್ತಿ ಎಳೆದಿದ್ದೀರಿ, ಸ್ವಲ್ಪ ಸಡಿಲ ಬಿಡಿ. ಹೊರಗಿನಿಂದ ಹೊಲಿಗೆ ದಾರ ಕಂಡರೆ ಕಡಿಮೆ ಎಳೆದಿದ್ದೀರಿ.

ಉದ್ದ-ಗಿಡ್ಡದ ಪ್ರಶ್ನೆಗೆ ಬರೋಣ. ಹೊಲಿಯುವ ಮೊದಲು ಟೇಪು ಹಿಡಿಯುವುದಕ್ಕಿಂತ ಸಾಲು ಎಣಿಸಿ. ಬಾರ್ಡರಿನಿಂದ ಕಂಕುಳದವರೆಗೆ ಎರಡೂ ಭಾಗಗಳಲ್ಲಿ ಸಾಲು ಒಂದೇ ಇರಬೇಕು. ಇಪ್ಪತ್ತು ಸಾಲಿಗೊಂದು ಪಿನ್ನು ಎರಡೂ ಕಡೆ ಚುಚ್ಚಿಕೊಳ್ಳಿ. ಹೊಲಿಯುತ್ತಾ ಹೋದಂತೆ ಪಿನ್ನಿಗೆ ಪಿನ್ನು ಎದುರಾಗಬೇಕು. ಒಂದು ಭಾಗದಲ್ಲಿ ಎರಡು ಸಾಲು ಜಾಸ್ತಿ ಇದ್ದರೆ ಬಿಚ್ಚಲು ಹೋಗಬೇಡಿ. ಆ ಕಡೆ ನಡುನಡುವೆ ಎರಡು ಕಡೆ ಒಂದರ ಬದಲು ಎರಡು ಅಡ್ಡ ದಾರ ಒಟ್ಟಿಗೆ ಎತ್ತಿಕೊಳ್ಳಿ, ಯಾರಿಗೂ ಕಾಣುವುದಿಲ್ಲ.

ದಾರ ಅದೇ ಉಲ್ಲನ್ ಇರಲಿ. ಒಂದು ಸಲಕ್ಕೆ 45 ಸೆಂಟಿಮೀಟರ್ ಸಾಕು. ಉದ್ದ ದಾರ ಬಟ್ಟೆಯೊಳಗೆ ಹೋಗಿ ಬಂದು ಸವೆದು ಎಳೆ ಬಿಡುತ್ತದೆ. ದಾರ ತುಂಬಾ ದಪ್ಪ ಇದ್ದರೆ ಅದೇ ಬಣ್ಣದ ತೆಳು ದಾರ ತೆಗೆದುಕೊಳ್ಳಿ. ಅದೂ ಒಗೆದಾಗ ಇದರಂತೆಯೇ ಇರಬೇಕು. ಉಣ್ಣೆಗೆ ಉಣ್ಣೆ, ಅಕ್ರಿಲಿಕ್‌ಗೆ ಅಕ್ರಿಲಿಕ್. ಇನ್ನೊಂದು ವಿಷಯ: ಕಪ್ಪು, ನೇವಿ ಬ್ಲೂ ಬಣ್ಣವಾದರೆ ಹಗಲು ಹೊತ್ತು ಕಿಟಕಿ ಪಕ್ಕ ಕೂತು ಹೊಲಿಯಿರಿ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಆ ಅಡ್ಡ ದಾರಗಳು ಕಾಣುವುದೇ ಇಲ್ಲ.

ಮೇಡಂ, ನಮ್ಮನೆಯವರು ಜೀನ್ಸ್ ಯೂನಿಟ್‌ನಲ್ಲಿ ಕೆಲಸ ಮಾಡುತ್ತಾರೆ. ಸ್ವೆಟರ್ ಭಾಗಗಳನ್ನು ಓವರ್‌ಲಾಕ್ ಮಷೀನ್‌ಗೆ ಕೊಟ್ಟರೆ ಎರಡು ನಿಮಿಷದ ಕೆಲಸ ಎನ್ನುತ್ತಾರೆ. ಕೊಡಲಾ?
— ಕೌಲ್ ಬಜಾರ್, ಬಳ್ಳಾರಿ

ನಮ್ಮೂರಿನ ಜೀನ್ಸ್ ದೇಶದಲ್ಲೆಲ್ಲ ಓಡಾಡುತ್ತಿದೆ. ಅದನ್ನು ಹೊಲಿಯುವವರ ಕೈ ಎಷ್ಟು ಪಳಗಿದ್ದು ಅಂತ ನನಗೆ ಗೊತ್ತು. ಆದರೂ ಕೊಡಬೇಡಿ.

ಓವರ್‌ಲಾಕ್ ಅಂಚನ್ನು ಹೊಲಿಯುತ್ತಲೇ ಕತ್ತರಿಸುತ್ತಾ ಹೋಗುತ್ತದೆ. ಕೈಯಿಂದ ಹೆಣೆದ ಬಟ್ಟೆಯ ಅಂಚು ಒಮ್ಮೆ ಕತ್ತರಿಸಿದರೆ ದಾರ ಸಾಲುಸಾಲಿಗೂ ತುಂಡಾಯಿತು ಅಂತಲೇ ಲೆಕ್ಕ. ನಮ್ಮ ಮನೆಗಳಲ್ಲಿ ಮಗು ಬೆಳೆದ ಮೇಲೆ ಸ್ವೆಟರ್ ಬಿಚ್ಚಿ, ಅದೇ ದಾರದಲ್ಲಿ ಇನ್ನೊಂದು ಹೆಣೆಯುತ್ತೇವಲ್ಲ, ಆ ದಾರಿ ಮುಚ್ಚಿಹೋಗುತ್ತದೆ. ಎರಡನೆಯದಾಗಿ, ಮಷೀನಿನ ಪಾದ ಬಟ್ಟೆಯನ್ನು ಒತ್ತಿ ಮುಂದಕ್ಕೆ ದೂಡುವಾಗ ಹೆಣಿಗೆ ಎಳೆದುಕೊಳ್ಳುತ್ತದೆ. ಹೊಲಿದಾದ ಮೇಲೆ ಪಕ್ಕ ಅಲೆಅಲೆಯಾಗಿ ನಿಲ್ಲುತ್ತದೆ. ಜೀನ್ಸ್‌ಗೆ ಹಾಕುವ ಸಾದಾ ಮಷೀನ್ ಹೊಲಿಗೆಯಂತೂ ಬೇಡವೇ ಬೇಡ. ಅದು ಹಿಗ್ಗುವುದಿಲ್ಲ, ತಲೆ ತೂರಿಸುವಾಗ ದಾರ ಕಿತ್ತುಹೋಗುತ್ತದೆ. ಲುಧಿಯಾನದಂಥ ಊರುಗಳ ಸ್ವೆಟರ್ ಕಾರ್ಖಾನೆಗಳಲ್ಲಿ ಇದಕ್ಕೆಂದೇ ಲಿಂಕಿಂಗ್ ಮಷೀನ್ ಇರುತ್ತದೆ. ಅದು ಕುಣಿಕೆಗೆ ಕುಣಿಕೆ ಕೂಡಿಸುತ್ತದೆ. ಜೀನ್ಸ್ ಯೂನಿಟ್‌ನಲ್ಲಿ ಅದರ ಕೆಲಸವಿಲ್ಲ.

ಹಾಗಂತ ನಿಮ್ಮ ಯಜಮಾನರಿಂದ ಉಪಕಾರವೇ ಇಲ್ಲ ಅಂತಲ್ಲ. ಅರ್ಧ ಇಂಚಿನ ತೆಳುವಾದ ಹತ್ತಿ ಟೇಪು ಒಂದು ಮೊಳ ತರಿಸಿ. ಭುಜದ ಹೊಲಿಗೆಗೆ ಅದು ಬೇಕು. ಹಿಗ್ಗಬೇಕು ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಭುಜ ಅಪವಾದ. ಎರಡೂ ತೋಳಿನ ಭಾರ ಅಲ್ಲೇ ಜೋತುಬೀಳುವುದು. ಭುಜ ಹಿಗ್ಗಿದರೆ ತೋಳು ಮೊಣಕೈ ಕಡೆ ಇಳಿಯುತ್ತದೆ. ಹಾಗಾಗಿ ಭುಜಕ್ಕೆ ಒಳಗಿನಿಂದ ಬ್ಯಾಕ್ ಸ್ಟಿಚ್ ಹಾಕಿ, ಅದರ ಮೇಲೆ ಭುಜದ ಅಳತೆಗೆ ಸರಿಯಾಗಿ ಟೇಪು ಕತ್ತರಿಸಿ ಕೈಯಲ್ಲೇ ಹೆಮ್ಮಿಂಗ್ ಮಾಡಿ.

ಮುಂದಿನ ಸ್ವೆಟರಿಗೆ ಇನ್ನೂ ಚಂದದ ದಾರಿ ಇದೆ. ಭುಜದ ಕುಣಿಕೆಗಳನ್ನು ಮುಚ್ಚಲೇಬೇಡಿ, ಕಡ್ಡಿಯಲ್ಲೇ ಇರಲಿ. ಬೆನ್ನು ಮತ್ತು ಎದೆಯ ಹೊರಮಗ್ಗಲು ಒಳಗೆ ಬರುವಂತೆ ಎರಡು ಕಡ್ಡಿ ಜೊತೆಗೆ ಹಿಡಿಯಿರಿ. ಮೂರನೇ ಕಡ್ಡಿಯಿಂದ ಮುಂದಿನದೊಂದು ಕುಣಿಕೆ, ಹಿಂದಿನದೊಂದು ಕುಣಿಕೆ ಸೇರಿಸಿ ಒಂದಾಗಿ ಹೆಣೆಯಿರಿ. ಎರಡು ಆದ ಮೇಲೆ ಮೊದಲಿನದನ್ನು ಎರಡನೆಯದರ ಮೇಲೆ ಹಾಯಿಸಿ ಇಳಿಸಿ. ಕುಣಿಕೆ ಮುಚ್ಚುವುದೂ ಜೋಡಿಸುವುದೂ ಒಟ್ಟಿಗೆ ಮುಗಿಯುತ್ತದೆ. ಗಟ್ಟಿಯಾಗಿಯೂ ಇರುತ್ತದೆ, ತೆಳ್ಳಗೂ ಇರುತ್ತದೆ.

ತೋಳು ಜೋಡಿಸುವಾಗ ಕೊನೆಗೆ ಸ್ವಲ್ಪ ಉಳಿದುಬಿಡುತ್ತದೆ. ಅದನ್ನು ಸುಮ್ನೆ ಸುಕ್ಕು ಮಾಡಿ ಸೇರಿಸಿದೆ, ಕಂಕುಳಲ್ಲಿ ಗಂಟುಗಂಟಾಗಿ ಚುಚ್ಚುತ್ತಿದೆ.
— ಕುಷ್ಟಗಿ

ಕಂಕುಳಿಂದ ಶುರು ಮಾಡಿ ಸುತ್ತು ಹಾಕಿದರೆ ಹೀಗೇ ಆಗುತ್ತದೆ. ಕ್ರಮ ಬದಲಿಸಿ. ಮೊದಲು ಭುಜ ಎರಡೂ ಜೋಡಿಸಿ. ಪಕ್ಕ ಇನ್ನೂ ಬಿಟ್ಟೇ ಇರಲಿ, ಆಗ ಸ್ವೆಟರನ್ನು ಪೂರ್ತಿ ಹಾಸಬಹುದು. ತೋಳಿನ ಮೇಲ್ಭಾಗದ ನಟ್ಟನಡು ಹುಡುಕಿ ಭುಜದ ಹೊಲಿಗೆಗೆ ಪಿನ್ನು ಹಾಕಿ. ಆಮೇಲೆ ಎರಡು ತುದಿಗಳಿಗೆ ಹಾಕಿ. ಆಮೇಲೆ ನಡುವಿನ ಜಾಗದಲ್ಲಿ ಅರ್ಧಕ್ಕೆ ಅರ್ಧ. ತೋಳು ಒಂಚೂರು ದೊಡ್ಡದಿದ್ದರೆ ಆ ಹೆಚ್ಚಿನದನ್ನು ಭುಜದ ಹತ್ತಿರ ಹಂಚಿ, ಕಂಕುಳಿನ ಕಡೆಗೆ ಬೇಡ. ಭುಜದಿಂದ ಶುರು ಮಾಡಿ ಒಂದು ಕಡೆಗೆ ಇಳಿಯಿರಿ, ಮತ್ತೆ ಭುಜದಿಂದ ಇನ್ನೊಂದು ಕಡೆಗೆ.

ಇಲ್ಲೊಂದು ಲೆಕ್ಕ ಇದೆ. ಇದು ಗೊತ್ತಾದರೆ ಅರ್ಧ ತೊಂದರೆ ತಪ್ಪಿತು. ಕುಣಿಕೆಯ ಅಗಲ ಜಾಸ್ತಿ, ಎತ್ತರ ಕಡಿಮೆ. ಮಧ್ಯಮ ದಪ್ಪದ ದಾರದಲ್ಲಿ 8 ನಂಬರ್ (4 ಮಿಲಿಮೀಟರ್) ಕಡ್ಡಿ ಹಿಡಿದು ಹೆಣೆದರೆ 10 ಸೆಂಟಿಮೀಟರ್ ಅಗಲಕ್ಕೆ ಸುಮಾರು 22 ಕುಣಿಕೆ, ಅಷ್ಟೇ ಎತ್ತರಕ್ಕೆ ಸುಮಾರು 30 ಸಾಲು ಬರುತ್ತವೆ. ನೇರವಾಗಿ ಮುಗಿಸಿದ ತೋಳಾದರೆ, ತೋಳಿನ ಕಡೆ ನಿಮಗೆ ಸಿಗುವುದು ಕುಣಿಕೆ, ಮೈಯ ಕಡೆ ಸಿಗುವುದು ಸಾಲು. ಒಂದಕ್ಕೊಂದು ಅಂತ ಸೇರಿಸಿದರೆ ಸಾಲು ಉಳಿದೇ ಉಳಿಯುತ್ತದೆ. ಮೂರು ಕುಣಿಕೆಗೆ ನಾಲ್ಕು ಸಾಲು ಅಂತ ಹಿಡಿಯಿರಿ. ಎರಡು ಕುಣಿಕೆಗೆ ಒಂದೊಂದು ಅಡ್ಡ ದಾರ, ಮೂರನೆಯದಕ್ಕೆ ಎರಡು ಅಡ್ಡ ದಾರ ಒಟ್ಟಿಗೆ. ಮತ್ತೆ ಅದೇ.

ತೋಳು ಕೂತ ಮೇಲೆ ಕೆಳಗಿನ ಬಾರ್ಡರಿನಿಂದ ಕಂಕುಳದವರೆಗೆ, ಅಲ್ಲಿಂದ ಹಾಗೇ ಮುಂಗೈವರೆಗೆ ಒಂದೇ ಓಟದಲ್ಲಿ ಹೊಲಿದು ಮುಗಿಸಿ.

ಮೊಮ್ಮಗ ಹುಟ್ಟಿದ್ದಾನೆ. ಸ್ವೆಟರಿನ ಕೊರಳು ಅವನ ತಲೆಯಲ್ಲಿ ಇಳಿಯುತ್ತಿಲ್ಲ, ಚೀರಾಡುತ್ತಾನೆ. ಟ್ರಂಕಿನಲ್ಲಿ ಮಗನ ಕಾಲದ ಪುಟ್ಟ ಸ್ವೆಟರುಗಳೂ ಇವೆ. ನುಸಿ ಗುಳಿಗೆ ಹಾಕಿ ಜೋಪಾನವಾಗಿ ಇಟ್ಟಿದ್ದೆ. ಅವನ್ನು ಹಾಕಬಹುದಾ?
— ಅಜ್ಜಿ, ಗಂಗಾವತಿ

ಅಕ್ಕಾ, ಎರಡನೆಯದನ್ನು ಮೊದಲು ಹೇಳುತ್ತೇನೆ. ಆ ಟ್ರಂಕಿನ ಬಟ್ಟೆ ಎಳೆಗೂಸಿಗೆ ಹಾಕಬೇಡಿ. ಆ ಬಿಳಿ ಗುಳಿಗೆಗಳು ಹೆಚ್ಚಾಗಿ ನ್ಯಾಫ್ತಲೀನ್‌ನವು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಮಗುವಿಗೆ ಈ ವಾಸನೆಯ ಬಟ್ಟೆ ತೊಡಿಸಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಯಾವ ಮಗುವಿಗೆ ಆ ಕೊರತೆ ಇದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಈಗಾಗಲೇ ತೊಡಿಸಿದ್ದು, ಮಗುವಿನ ಕಣ್ಣು ಅಥವಾ ಮೈ ಹಳದಿ ಕಂಡರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ, ಗುಳಿಗೆಯ ವಿಷಯವನ್ನೂ ಹೇಳಿ. ಇನ್ನು ಮುಂದೆ ಉಣ್ಣೆ ಬಟ್ಟೆಯನ್ನು ಒಗೆದು, ಚೆನ್ನಾಗಿ ಒಣಗಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಒಣಗಿದ ಬೇವಿನೆಲೆ ಜೊತೆ ಗಂಟು ಕಟ್ಟಿ ಇಡಿ. ನಡುವೆ ಒಂದೆರಡು ಸಲ ತೆಗೆದು ಗಾಳಿಗೆ ಹಾಕಿ. ಹುಳ ಹುಡುಕಿಕೊಂಡು ಬರುವುದು ಬೆವರು, ಹಾಲಿನ ಕಲೆ ಇರುವ ಕೊಳೆ ಬಟ್ಟೆಯನ್ನು.

ಈಗ ಕೊರಳು. ಕೂಸುಗಳ ಮೈಗಿಂತ ತಲೆಯೇ ದೊಡ್ಡದು, ಅಲ್ವಾ? ದೊಡ್ಡವರ ಲೆಕ್ಕದಲ್ಲಿ ಕೊರಳು ಹೆಣೆದರೆ ಬಿಗಿ ಆಗೇ ಆಗುತ್ತದೆ. ನೀವು ಕೊನೆಯ ಸಾಲು ಬಿಗಿಯಾಗಿ ಮುಚ್ಚಿರಬೇಕು. ಮುಚ್ಚಿದ ಕೊನೆಯ ತುದಿ ಹುಡುಕಿ ಅಲ್ಲಿಂದ ಬಿಚ್ಚಿ, ಆ ಒಂದು ಸಾಲು ಮಾತ್ರ. ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಂಡು, ಕೊರಳಿಗೆ 10 ನಂಬರ್ ಕಡ್ಡಿ ಬಳಸಿದ್ದರೆ ಮುಚ್ಚುವುದಕ್ಕೆ 8 ನಂಬರ್ ಹಿಡಿಯಿರಿ. ನಮ್ಮಲ್ಲಿ ಸಿಗುವ ಕಡ್ಡಿಗಳ ಹಳೆಯ ಲೆಕ್ಕದಲ್ಲಿ ನಂಬರ್ ಕಡಿಮೆ ಆದಷ್ಟು ಕಡ್ಡಿ ದಪ್ಪ. 10 ಅಂದರೆ 3.25 ಮಿಲಿಮೀಟರ್, 8 ಅಂದರೆ 4. ಇಷ್ಟರಿಂದಲೇ ಸಾಕಷ್ಟು ಸಡಿಲ ಬರುತ್ತದೆ. ಇನ್ನೂ ಬರದಿದ್ದರೆ ಎಡ ಭುಜದ ಹೊಲಿಗೆ ಬಿಚ್ಚಿ, ಅಲ್ಲಿ ಎರಡು ಅಂಚಿಗೂ ನಾಲ್ಕು ಸಾಲು ಪಟ್ಟಿ ಹೆಣೆದು ಒತ್ತುಗುಂಡಿ ಹಾಕಿ. ಗುಂಡಿ ಯಾವುದೇ ಇರಲಿ, ಹೊಲಿದಾದ ಮೇಲೆ ಜೋರಾಗಿ ಕಿತ್ತು ನೋಡಿ. ಮಗು ಎಲ್ಲವನ್ನೂ ಬಾಯಿಗೇ ಒಯ್ಯುತ್ತದೆ. ಟೋಪಿ, ಕಾಲುಚೀಲದ ಒಳಮಗ್ಗಲಲ್ಲಿ ಉದ್ದ ದಾರ ಜೋತಾಡಬಾರದು. ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಸ್ವೆಟರಿನ ಅಂಚು ಸುರುಳಿ ಸುತ್ತುತ್ತಿತ್ತು. ಜೋಡಿಸುವ ಮೊದಲು ಇಸ್ತ್ರಿ ಮಾಡಿದೆ. ಈಗ ಬಟ್ಟೆ ಹಪ್ಪಳದಂತೆ ಚಪ್ಪಟೆಯಾಗಿ, ಜೋಲು ಬಿದ್ದಿದೆ. ಸರಿ ಮಾಡಬಹುದಾ?
— ಶಕ್ತಿನಗರ, ರಾಯಚೂರು

ನಿಮ್ಮ ಶ್ರಮ ನೆನೆದು ನನಗೂ ಬೇಜಾರಾಯಿತು. ಅದು ಮೊದಲಿನಂತೆ ಆಗುವುದಿಲ್ಲ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವ ದಾರ ಬಹುಪಾಲು ಅಕ್ರಿಲಿಕ್. ಅದು ಒಂದು ಬಗೆಯ ಪ್ಲಾಸ್ಟಿಕ್. ಬಿಸಿ ತಾಗಿದರೆ ಮೆತ್ತಗಾಗಿ, ಕುಣಿಕೆಯ ಪುಟಿತ ಹೊರಟುಹೋಗುತ್ತದೆ. ಚಪ್ಪಟೆಯಾದದ್ದು ಒಂದೇ ಭಾಗವಾದರೆ ಅದನ್ನು ಮಾತ್ರ ಹೊಸದಾಗಿ ಹೆಣೆಯಿರಿ. ಎಲ್ಲವೂ ಆಗಿದ್ದರೆ ಹಾಗೇ ಜೋಡಿಸಿ ಮನೆಯಲ್ಲಿ ತೊಡಿ, ಬಾಳಿಕೆಗೆ ತೊಂದರೆ ಇಲ್ಲ.

ಲೇಬಲ್ ಕಳೆದುಹೋಗಿದ್ದರೆ ಒಂದು ಗೇಣು ದಾರವನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್.

ಉಣ್ಣೆಗೆ ಹೀಗೆ ಮಾಡಿ. ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ. ಉಜ್ಜಬೇಡಿ, ಹಿಂಡಬೇಡಿ. ಎತ್ತುವಾಗ ಎರಡೂ ಕೈಯಲ್ಲಿ ಅಡಿಯಿಂದ ಎತ್ತಿ. ಟವೆಲ್ ಮೇಲೆ ಹಾಸಿ, ಟವೆಲ್ ಸಮೇತ ಸುರುಳಿ ಸುತ್ತಿ ಅದರ ಮೇಲೆ ನಿಂತರೆ ನೀರೆಲ್ಲ ಅದು ಕುಡಿದುಬಿಡುತ್ತದೆ. ಆಮೇಲೆ ಮಂಚದ ಮೇಲೆ ಬೆಡ್‌ಶೀಟ್ ಹಾಸಿ, ಟೇಪು ಹಿಡಿದು ಬೇಕಾದ ಅಳತೆಗೆ ಎಳೆದು, ತುಕ್ಕು ಹಿಡಿಯದ ಪಿನ್ನು ಚುಚ್ಚಿ. ಬಾರ್ಡರ್ ಮಾತ್ರ ಎಳೆಯಬೇಡಿ, ಅದು ಕುಗ್ಗಿಯೇ ಇರಬೇಕು. ಫ್ಯಾನಿನ ಕೆಳಗೆ ನೆರಳಲ್ಲಿ ಒಣಗಲಿ. ನಮ್ಮ ಬಿಸಿಲಿಗೆ ಬಣ್ಣ ಉಳಿಯುವುದಿಲ್ಲ. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೇ ಸ್ವೆಟರ್ ಒಂದು ಗೇಣು ಉದ್ದವಾದೀತು. ಅಕ್ರಿಲಿಕ್‌ಗೂ ಇದೇ ಕ್ರಮ. ಅಳತೆಗೆ ಪೂರ್ತಿ ಬಗ್ಗುವುದಿಲ್ಲ, ಆದರೆ ಅಂಚು ಸಾಕಷ್ಟು ಸಮ ಆಗುತ್ತದೆ. ಅಂಚು ಸಮ ಆದರೆ ಸಿಂಧನೂರಿನವರಿಗೆ ಹೇಳಿದ ಅಡ್ಡ ದಾರಗಳು ಚೆನ್ನಾಗಿ ಕಾಣುತ್ತವೆ. ಅದಕ್ಕೇ ಈ ಕೆಲಸ ಜೋಡಿಸುವ ಮೊದಲೇ ಆಗಬೇಕು.

ಬೋರಿನ ಸವಳು ನೀರಿನಲ್ಲಿ ಸೋಪು ಸರಿಯಾಗಿ ಬಿಡುವುದಿಲ್ಲ, ಉಣ್ಣೆ ಬಿರುಸಾಗುತ್ತದೆ. ಅಂಟುವಾಳಕಾಯಿ ನೆನೆಸಿದ ನೀರು ಸಾಕು. ಕೊನೆಯ ನೀರು ನಲ್ಲಿಯದಾಗಿರಲಿ. ಕೆಂಪು-ಬಿಳಿ ಸೇರಿಸಿ ಹೆಣೆದಿದ್ದರೆ ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಡುತ್ತದಾ ನೋಡಿ.

ದಾರ ಮುಗಿದಾಗ ಗಂಟು ಹಾಕುತ್ತೇನೆ. ಒಂದೆರಡು ಸಲ ಒಗೆದರೆ ಗಂಟೆಲ್ಲ ಹೊರಗೆ ಇಣುಕುತ್ತವೆ.
— ಸಂಡೂರು

ಗಂಟು ಹಾಕಲೇಬೇಡಿ. ಹೊಸ ದಾರ ಯಾವಾಗಲೂ ಅಂಚಿನಲ್ಲೇ ಶುರು ಮಾಡಿ, ಹಳೆಯ ದಾರಕ್ಕೂ ಹೊಸ ದಾರಕ್ಕೂ 15 ಸೆಂಟಿಮೀಟರ್ ತುದಿ ಬಿಡಿ. ಜೋಡಿಸಿದ ಮೇಲೆ ಆ ತುದಿಯನ್ನು ಒಳಗಿನ ಹೊಲಿಗೆಯ ಅಂಚಿನುದ್ದಕ್ಕೂ ಐದಾರು ಸೆಂಟಿಮೀಟರ್ ತೂರಿಸಿ, ತಿರುಗಿಸಿ ಅದೇ ದಾರಿಯಲ್ಲಿ ಸ್ವಲ್ಪ ವಾಪಸ್ ತನ್ನಿ. ಬಟ್ಟೆಯನ್ನು ಒಮ್ಮೆ ಜಗ್ಗಿ, ಆಮೇಲೆ ಕತ್ತರಿಸಿ. ಹತ್ತಿ ದಾರ ಜಾರುತ್ತದೆ, ಅದಕ್ಕೆ ಇನ್ನೂ ಉದ್ದ ಬಿಡಿ.

ಕಾರ್ಡಿಗನ್‌ನ ಗುಂಡಿ ಪಟ್ಟಿ ಸೀರೆ ನೆರಿಗೆಯ ಹಾಗೆ ಅಲೆಅಲೆಯಾಗಿದೆ. ಪ್ರತಿ ಸಾಲಿನಿಂದಲೂ ಒಂದು ಕುಣಿಕೆ ಎತ್ತಿದ್ದೆ.
— ಟೀಚರ್, ಕೊಪ್ಪಳ

ಕಾರಣ ನೀವೇ ಬರೆದಿದ್ದೀರಿ. ಕುಷ್ಟಗಿಯವರಿಗೆ ಹೇಳಿದ ಲೆಕ್ಕವೇ ಇಲ್ಲೂ ಬರುತ್ತದೆ. ನಾಲ್ಕು ಸಾಲಿಗೆ ಮೂರೇ ಕುಣಿಕೆ ಎತ್ತಬೇಕು, ಮೂರು ಎತ್ತಿ ಒಂದು ಸಾಲು ಬಿಡಿ. ಮುಂಭಾಗದಲ್ಲಿ 120 ಸಾಲು ಇದ್ದರೆ 90 ಕುಣಿಕೆ. ಎರಡು ಸೀದಾ (ದಾರ ಹಿಂದಿಟ್ಟು ಹೆಣೆಯುವುದು) ಎರಡು ಉಲ್ಟಾ (ದಾರ ಮುಂದಿಟ್ಟು ಹೆಣೆಯುವುದು) ಬಾರ್ಡರಿಗೆ 90 ಸರಿಯಾಗಿ ಹೊಂದುತ್ತದೆ, ಎರಡೂ ತುದಿಯಲ್ಲಿ ಸೀದಾ ಬರುತ್ತದೆ. ಬರೀ ಸೀದಾ ಹೆಣೆದ ಕಾರ್ಡಿಗನ್ ಆದರೆ ಲೆಕ್ಕ ಬೇರೆ. ಎರಡು ಸಾಲಿಗೆ ಒಂದು ಉಬ್ಬು ಕಾಣುತ್ತದಲ್ಲ, ಉಬ್ಬಿಗೊಂದು ಕುಣಿಕೆ.

ಮೊದಲು ಗುಂಡಿ ಬರುವ ಪಟ್ಟಿ ಹೆಣೆದು ಮುಗಿಸಿ. ಅದರ ಮೇಲೆ ಗುಂಡಿಗಳನ್ನು ಇಟ್ಟು ನೋಡಿ ಪಿನ್ನು ಗುರುತು ಮಾಡಿ. ಮೇಲಿನದು, ಕೆಳಗಿನದು ಮೊದಲು, ಉಳಿದವು ಸಮ ಅಂತರದಲ್ಲಿ. ಆ ಗುರುತಿನ ಎದುರಿಗೇ ಇನ್ನೊಂದು ಪಟ್ಟಿಯಲ್ಲಿ ಕಾಜಾ ಬರಲಿ. ಗುಂಡಿ ಹೊಲಿಯುವಾಗ ಒಳಮಗ್ಗಲಲ್ಲಿ ಒಂದು ಪುಟ್ಟ ಚಪ್ಪಟೆ ಗುಂಡಿ ಇಟ್ಟು, ಎರಡನ್ನೂ ಸೇರಿಸಿ ಹೊಲಿಯಿರಿ. ಆಗ ಎಳೆತವನ್ನೆಲ್ಲ ಆ ಒಳಗುಂಡಿ ತಡೆಯುತ್ತದೆ, ಹೆಣಿಗೆ ಹರಿಯುವುದಿಲ್ಲ.

ನಮ್ಮ ಮನೆಯಲ್ಲೇ ಕುರಿ ಇವೆ. ಅದರ ಉಣ್ಣೆಯಿಂದ ಸ್ವೆಟರ್ ಹೆಣೆಯಬಹುದಾ?
— ಯಲಬುರ್ಗಾ

ಮೈಗೆ ತಾಗುವ ಸ್ವೆಟರಿಗೆ ಬೇಡ. ನಮ್ಮ ಕಡೆಯ ಬಳ್ಳಾರಿ ತಳಿ, ದಖ್ಖನಿ ತಳಿ ಕುರಿಗಳ ಉಣ್ಣೆ ಒರಟು. ಅದು ಕಂಬಳಿಗೆ ಹೇಳಿ ಮಾಡಿಸಿದ್ದು. ಚೀಲ, ಕೂರುವ ಆಸನ ಹೆಣೆಯಿರಿ, ಬಹಳ ವರ್ಷ ಬಾಳುತ್ತದೆ. ಕೈಯಲ್ಲಿ ನೂತ ಒಂಟಿ ಎಳೆ ಹೊಲಿಯುವಾಗ ತುಂಡಾಗುತ್ತದೆ, ಜೋಡಿಸುವುದಕ್ಕೆ ಎರಡು ಎಳೆ ಹುರಿ ಮಾಡಿಕೊಳ್ಳಿ.

ಕಾಲುಚೀಲದ ಬೆರಳು ತುದಿ ಮುಚ್ಚಿದರೆ ಗೆರೆ ಎದ್ದು ಶೂ ಒಳಗೆ ಒತ್ತುತ್ತದೆ.
— ಮಸ್ಕಿ

ಕುಣಿಕೆ ಮುಚ್ಚಿ ಹೊಲಿಯಬೇಡಿ. ಸೂಜಿಯಿಂದಲೇ ಹೊಸ ಸಾಲೊಂದನ್ನು ಹೆಣೆದಂತೆ ಕೂಡಿಸುವ ಕ್ರಮ ಇದೆ. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಸೇನಾಧಿಕಾರಿ ಕಿಚನರ್ ಹೆಸರಿನಲ್ಲಿ ಅದನ್ನು ಕಿಚನರ್ ಸ್ಟಿಚ್ ಎನ್ನುತ್ತಾರೆ. ಎರಡು ಕಡ್ಡಿಯಲ್ಲೂ ಸಮ ಕುಣಿಕೆ ಇಟ್ಟುಕೊಂಡು, ಒಳಮಗ್ಗಲಿಗೆ ಒಳಮಗ್ಗಲು ಬರುವಂತೆ ಜೊತೆಗೆ ಹಿಡಿಯಿರಿ. ಶುರುವಿಗೆ ಮುಂದಿನ ಕಡ್ಡಿಯ ಮೊದಲ ಕುಣಿಕೆಗೆ ಉಲ್ಟಾ ಹೆಣೆಯುವಂತೆ ಸೂಜಿ ತೂರಿಸಿ, ಹಿಂದಿನ ಕಡ್ಡಿಯ ಮೊದಲನೆಯದಕ್ಕೆ ಸೀದಾದಂತೆ. ಎರಡನ್ನೂ ಇಳಿಸಬೇಡಿ. ಈಗ ಮುಂದಿನ ಕಡ್ಡಿ: ಸೀದಾದಂತೆ ತೂರಿಸಿ ಇಳಿಸಿ, ಪಕ್ಕದ್ದಕ್ಕೆ ಉಲ್ಟಾದಂತೆ ತೂರಿಸಿ ಬಿಡಿ. ಹಿಂದಿನ ಕಡ್ಡಿ: ಉಲ್ಟಾದಂತೆ ತೂರಿಸಿ ಇಳಿಸಿ, ಪಕ್ಕದ್ದಕ್ಕೆ ಸೀದಾದಂತೆ ತೂರಿಸಿ ಬಿಡಿ. ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡಿ: ಮುಂದೆ ಸೀದಾ ಇಳಿಸು, ಉಲ್ಟಾ ಇರಲಿ, ಹಿಂದೆ ಉಲ್ಟಾ ಇಳಿಸು, ಸೀದಾ ಇರಲಿ. ಮಧ್ಯದಲ್ಲಿ ಯಾರು ಕರೆದರೂ ಏಳಬೇಡಿ.

ಮೇಡಂ, ನಾನು ಹೆಣೆಯುವವನಲ್ಲ. ನಮ್ಮಜ್ಜಿ ಹೆಣೆದು ಕೊಟ್ಟ ಸ್ವೆಟರ್ ಪಕ್ಕದಲ್ಲಿ ಹೊಲಿಗೆ ಬಿಟ್ಟಿದೆ. ಅಜ್ಜಿ ಈಗಿಲ್ಲ. ಟೈಲರ್ ಹತ್ತಿರ ಕೊಡಲು ಮನಸ್ಸಿಲ್ಲ. ನಾನೇ ಮಾಡಬಹುದಾ?
— ವಿದ್ಯಾರ್ಥಿ, ಲಿಂಗಸುಗೂರು

ಖಂಡಿತ ಮಾಡಬಹುದಪ್ಪ. ಬಿಟ್ಟಿರುವುದು ಹೊಲಿಗೆ ಮಾತ್ರ, ಹೆಣಿಗೆ ಅಲ್ಲ. ಮೊದಲು ಅದು ಖಾತ್ರಿ ಮಾಡಿಕೊ. ಬಿಟ್ಟ ಜಾಗದ ಎರಡೂ ಅಂಚು ನೋಡು. ಎಲ್ಲಿಯಾದರೂ ಕುಣಿಕೆ ಬಾಯಿ ಬಿಟ್ಟುಕೊಂಡು ಕೆಳಗೆ ಇಳಿಯುತ್ತಿದ್ದರೆ ಅದಕ್ಕೆ ತಕ್ಷಣ ಒಂದು ಪಿನ್ನು ಹಾಕು, ಹೆಣಿಗೆ ಬಲ್ಲವರಿಗೆ ತೋರಿಸು. ಹಾಗೇನೂ ಇಲ್ಲದಿದ್ದರೆ ಉಳಿದದ್ದು ನಿನ್ನ ಕೈಯಲ್ಲೇ ಆಗುವ ಕೆಲಸ.

ಜೋತಾಡುತ್ತಿರುವ ಹಳೆಯ ದಾರ ಎಳೆಯಬೇಡ, ಕತ್ತರಿಸಲೂ ಬೇಡ. ಎಳೆದರೆ ಉಳಿದ ಹೊಲಿಗೆಯೂ ಸುಕ್ಕಾಗುತ್ತದೆ. ಅದನ್ನು ಸೂಜಿಗೆ ಪೋಣಿಸಿ ಒಳಗಿನ ಅಂಚಿನಲ್ಲಿ ತೂರಿಸಿಬಿಡು. ಬಣ್ಣ ಹೊಂದುವ ದಾರ ಅಂಗಡಿಯಲ್ಲಿ ಸಿಗದಿದ್ದರೆ ಅಜ್ಜಿಯ ಬುಟ್ಟಿ, ಟ್ರಂಕು ಹುಡುಕು. ಉಳಿದ ದಾರದ ಉಂಡೆಯನ್ನು ಎಸೆಯುವ ಅಜ್ಜಿಯರನ್ನು ನಾನು ನೋಡಿಲ್ಲ. ಅದೂ ಇಲ್ಲವಾದರೆ ಒಂಚೂರು ಗಾಢ ಬಣ್ಣ ತೆಗೆದುಕೊ. ತಿಳಿ ಬಣ್ಣ ಎದ್ದು ಕಾಣುತ್ತದೆ, ಗಾಢ ಬಣ್ಣ ಹೊಲಿಗೆಯ ಸಂದಿನಲ್ಲಿ ಅಡಗುತ್ತದೆ.

ಗಟ್ಟಿಯಾಗಿ ಉಳಿದಿರುವ ಹೊಲಿಗೆಯ ಎರಡು ಸೆಂಟಿಮೀಟರ್ ಒಳಗಿನಿಂದಲೇ ಶುರು ಮಾಡು. ಅಜ್ಜಿ ಯಾವ ಅಡ್ಡ ದಾರ ಎತ್ತಿದ್ದಾರೆ ಅಂತ ಅಲ್ಲಿ ಕಾಣುತ್ತದೆ. ಅವರು ಒಂದೊಂದು ಎತ್ತಿದ್ದರೆ ನೀನೂ ಒಂದೊಂದು, ಎರಡೆರಡು ಎತ್ತಿದ್ದರೆ ನೀನೂ ಎರಡೆರಡು. ಮೇಲೆ ಸಿಂಧನೂರಿನವರಿಗೆ ಬರೆದದ್ದನ್ನು ಪಕ್ಕದಲ್ಲಿಟ್ಟುಕೊಂಡು ಮಾಡು. ಬಿಟ್ಟ ಜಾಗ ದಾಟಿ ಆಚೆಯ ಗಟ್ಟಿ ಹೊಲಿಗೆಯೊಳಗೂ ಎರಡು ಸೆಂಟಿಮೀಟರ್ ಹೋಗಿ ನಿಲ್ಲಿಸು. ಇನ್ನೊಂದು ಪಕ್ಕವನ್ನೂ ಬೆಳಕಿಗೆ ಹಿಡಿದು ನೋಡು. ಒಂದು ಕಡೆ ದಾರ ಸವೆದಿದ್ದರೆ ಇನ್ನೊಂದು ಕಡೆಯೂ ಸವೆದಿರುತ್ತದೆ, ಕಿತ್ತುಹೋಗುವ ಮೊದಲೇ ಅದನ್ನೂ ಭದ್ರ ಮಾಡಿಕೊ.